ಹಳದಿ ಗೆರೆ, ಹಸಿರು ಗೆರೆ: ವಿಜ್ಞಾನದಲ್ಲಿ ಊಹೆಯ ಬಲ ಮತ್ತು ಮಿತಿ

ಅಡುಗೆಮನೆಯಲ್ಲಿ ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ಉರಿಯನ್ನು ಗಮನಿಸಿದ್ದೀರಾ? ಅಲ್ಲಿಯವರೆಗೆ ನೀಲಿಯಾಗಿದ್ದ ಉರಿ ಇದ್ದಕ್ಕಿದ್ದಂತೆ ಹಳದಿಯಾಗುತ್ತದೆ. ಸಾರಿನಲ್ಲಿರುವ ಉಪ್ಪು ಇದಕ್ಕೆ ಕಾರಣ. ಉಪ್ಪಿನಲ್ಲಿ ಸೋಡಿಯಂ ಇದೆ. ಸೋಡಿಯಂ ಚೆನ್ನಾಗಿ ಕಾದಾಗ ಹಳದಿ ಬೆಳಕನ್ನು ಬೀರುತ್ತದೆ. ಮುಂದಿನ ಸಲ ಹೀಗಾದಾಗ ಒಲೆ ಆರಿಸುವ ಮುಂಚೆ ಒಂದು ಕ್ಷಣ ನಿಂತು ಆ ಬಣ್ಣವನ್ನು ನೋಡಿ. ಅದೇ ಹಳದಿ ಬಣ್ಣ ಒಂದು ಕಾಲದಲ್ಲಿ ಸೂರ್ಯನನ್ನು ನೋಡುತ್ತಿದ್ದ ವಿಜ್ಞಾನಿಗಳನ್ನು ಗೊಂದಲಕ್ಕೆ ದೂಡಿತ್ತು.

ಹೊಸದಾಗಿ ವಿಜ್ಞಾನ ಕಲಿಯಲು ಬರುವವರು ಊಹೆಯ ಬಗ್ಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಅಭಿಪ್ರಾಯ ಇಟ್ಟುಕೊಂಡಿರುತ್ತಾರೆ. ವಿಜ್ಞಾನವೆಂದರೆ ಅಳತೆ, ಪ್ರಯೋಗ, ಲೆಕ್ಕ ಮಾತ್ರ, ಊಹೆಗೆ ಅಲ್ಲಿ ಕೆಲಸವಿಲ್ಲ ಎಂದು ಕೆಲವರು ತಿಳಿದಿರುತ್ತಾರೆ. ಹೊಳೆದದ್ದನ್ನು ಧೈರ್ಯವಾಗಿ ಹೇಳಿದವರೇ ದೊಡ್ಡ ವಿಜ್ಞಾನಿಗಳು ಎಂದು ಇನ್ನು ಕೆಲವರು ನಂಬಿರುತ್ತಾರೆ. ಈ ಎರಡು ಅಭಿಪ್ರಾಯಗಳಿಗೂ ಉತ್ತರವಾಗಿ ನಾನು ನಿಮಗೆ ನಿಜವಾಗಿ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ಇದಕ್ಕೆ ಕುತೂಹಲವೊಂದಿದ್ದರೆ ಸಾಕು. ಬೇಕಾದ ಪದಗಳನ್ನೆಲ್ಲ ದಾರಿಯಲ್ಲೇ ವಿವರಿಸುತ್ತೇನೆ. ಮೊದಲನೆಯದಾಗಿ, ಊಹೆ ಎಂದರೆ ಇಲ್ಲಿ ಇಷ್ಟೇ: ಕಣ್ಣಿಗೆ ಕಂಡ ಒಂದು ಸಂಗತಿಗೆ, ಇನ್ನೂ ರುಜುವಾತಾಗದ ಒಂದು ಕಾರಣವನ್ನು ಮುಂದಿಡುವುದು.

ಈಗ ತಳಪಾಯದಿಂದ ಶುರು ಮಾಡೋಣ. ನಮ್ಮ ಸುತ್ತಲಿನ ವಸ್ತುಗಳೆಲ್ಲ ಕೆಲವೇ ಮೂಲಪದಾರ್ಥಗಳಿಂದ ಆಗಿವೆ. ಕಬ್ಬಿಣ, ಚಿನ್ನ, ಆಮ್ಲಜನಕ, ಸೋಡಿಯಂ ಇಂಥವು. ಇವನ್ನು ಧಾತುಗಳು ಎನ್ನುತ್ತೇವೆ. ಒಂದು ಧಾತುವಿನ ಅತಿ ಚಿಕ್ಕ ಕಣ ಪರಮಾಣು. ಇನ್ನು ಬೆಳಕು. ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ, ಅಂದರೆ ಮೂರು ಮುಖದ ಗಾಜಿನ ತುಂಡಿನ ಮೂಲಕ ಹಾಯಿಸಿದರೆ ಅದು ಕೆಂಪಿನಿಂದ ನೇರಳೆಯವರೆಗೆ ಬಣ್ಣಗಳ ಪಟ್ಟಿಯಾಗಿ ಬಿಡಿಸಿಕೊಳ್ಳುತ್ತದೆ. ಈ ಪಟ್ಟಿಗೆ ರೋಹಿತ ಎಂದು ಹೆಸರು. ಪಟ್ಟಿಯಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದು ನಿಶ್ಚಿತ ಜಾಗವಿದೆ, ಆ ಜಾಗವನ್ನು ಒಂದು ಸಂಖ್ಯೆಯಿಂದ ಗುರುತಿಸಬಹುದು. ಆ ಸಂಖ್ಯೆಯೇ ತರಂಗದೂರ. ಅದನ್ನು ನ್ಯಾನೋಮೀಟರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಮ್ಮ ಕಣ್ಣಿಗೆ ಕಾಣುವ ರೋಹಿತ ಹೆಚ್ಚುಕಡಿಮೆ 400ರಿಂದ 700 ನ್ಯಾನೋಮೀಟರ್‌ವರೆಗೆ ಹರಡಿದೆ.

ಒಲೆಯ ಮೇಲಿನ ಆ ಹಳದಿ ಬೆಳಕನ್ನು ಹೀಗೆ ಬಿಡಿಸಿ ನೋಡಿದರೆ ಪೂರ್ತಿ ಪಟ್ಟಿ ಕಾಣುವುದಿಲ್ಲ. ಒತ್ತೊತ್ತಾಗಿ ನಿಂತ ಎರಡು ತೆಳು ಹಳದಿ ಗೆರೆಗಳು ಎದ್ದು ಕಾಣುತ್ತವೆ: ಒಂದು 589.0ರಲ್ಲಿ, ಇನ್ನೊಂದು 589.6ರಲ್ಲಿ. ಸೋಡಿಯಂ ಎಲ್ಲಿ ಕಾದರೂ ಈ ಜೋಡಿ ಇದೇ ಜಾಗದಲ್ಲಿ ಕಾಣುತ್ತದೆ. 1859ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್ ಇದರ ಮಹತ್ವವನ್ನು ಕಂಡುಕೊಂಡರು. ಪ್ರತಿ ಧಾತುವಿಗೂ ತನ್ನದೇ ಗೆರೆಗಳಿವೆ. ಗೆರೆ ಕಂಡರೆ ಧಾತು ಇದೆ ಎಂದು ತಿಳಿಯಬಹುದು. ಇದೇ ವಿಧಾನದಿಂದ ಅವರು 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಧಾತುಗಳನ್ನು ಪತ್ತೆ ಮಾಡಿದರು. ಮೊದಲು ಯಾವ ಧಾತುವಿಗೂ ಹೊಂದದ ಗೆರೆ ಕಂಡಿತು, ಆಮೇಲೆ ಆ ಧಾತುವಿನ ಲವಣಗಳನ್ನು ಬೇರ್ಪಡಿಸಿ ಕೈಗೆ ತೆಗೆದುಕೊಂಡರು. ಈ ಅನುಕ್ರಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದಕ್ಕೆ ಸುಮಾರು ಇಪ್ಪತ್ತೈದು ವರ್ಷ ಮುಂಚೆ, 1835ರಲ್ಲಿ, ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಮ್ಟ್ ನಕ್ಷತ್ರಗಳು ಯಾವುದರಿಂದ ಆಗಿವೆ ಎಂಬುದನ್ನು ನಾವು ಎಂದಿಗೂ ತಿಳಿಯಲಾರೆವು ಎಂದು ಬರೆದಿದ್ದರು. ಊಹೆಗೆ ಗೆರೆ ಎಳೆಯುವವರೂ ಊಹೆಯನ್ನೇ ಮಾಡುತ್ತಿರುತ್ತಾರೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಭಾರತವನ್ನು ದಾಟಿತು. ಖಗ್ರಾಸವೆಂದರೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುವ ಗ್ರಹಣ. ಆಗ ಅಂಚಿನಲ್ಲಿ ಜ್ವಾಲೆಯಂಥ ಕೆಂಪು ಚಾಚುಗಳು ಕಾಣುತ್ತವೆ. ಅವು ಸೂರ್ಯನಿಗೇ ಸೇರಿದವು ಎಂಬುದು 1860ರ ಗ್ರಹಣದ ಫೋಟೋಗಳಿಂದ ತಿಳಿದಿತ್ತು. ಯಾವುದರಿಂದ ಆಗಿವೆ ಎಂಬುದು ತಿಳಿದಿರಲಿಲ್ಲ. ಅದಕ್ಕಾಗಿಯೇ ವಿಜ್ಞಾನಿಗಳು ರೋಹಿತದರ್ಶಕಗಳನ್ನು, ಅಂದರೆ ಬೆಳಕನ್ನು ಗೆರೆಗಳಾಗಿ ಬಿಡಿಸುವ ಉಪಕರಣಗಳನ್ನು ಹೊತ್ತು ಭಾರತಕ್ಕೆ ಬಂದರು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟರು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ದೂರದರ್ಶಕ ಹೂಡಿದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಇವರು. ಆಗಸ್ಟ್ ತಿಂಗಳ ಮೋಡಗಳು ಅಡ್ಡ ಬರುತ್ತಿದ್ದವು; ಸಿಕ್ಕಿದ್ದು ಕೆಲವೇ ನಿಮಿಷಗಳ ಕತ್ತಲು. ಆ ಬಿಡುವಿನಲ್ಲಿ ಅವರು ಚಾಚುಗಳ ರೋಹಿತವನ್ನು ನೋಡಿದರು. ಕೆಂಪು, ಕಿತ್ತಳೆ, ನೀಲಿ ಗೆರೆಗಳು ಹೊಳೆದವು. ಹೀಗೆ ಬಿಡಿಬಿಡಿಯಾದ ಹೊಳಪು ಗೆರೆಗಳು ಬರುವುದು ಕಾದ ಅನಿಲದಿಂದ. ಅಲ್ಲಿಗೆ ಚಾಚುಗಳು ಅನಿಲ ಎಂಬುದು ಖಚಿತವಾಯಿತು. ಕೆಂಪು, ನೀಲಿ ಗೆರೆಗಳು ಹೈಡ್ರೋಜನ್ ಅನಿಲದವು. ನಡುವಿನ ಕಿತ್ತಳೆ-ಹಳದಿ ಗೆರೆ ಸೋಡಿಯಂನದೆಂದೇ ಅಂದು ನೋಡಿದ ಹಲವರು ತಿಳಿದರು. ಕೆಲವರು ಸೋಡಿಯಂ ಗೆರೆಯ ಹತ್ತಿರವಿದೆ ಎಂದಷ್ಟೇ ಬರೆದಿಟ್ಟರು.

ಅದು ಸೋಡಿಯಂನದಾಗಿರಲಿಲ್ಲ. ಗೆರೆಗಳ ಹೊಳಪು ಕಂಡ ಜಾನ್ಸೆನ್‌ಗೆ ಗ್ರಹಣವಿಲ್ಲದೆಯೂ ಇವನ್ನು ನೋಡಬಹುದು ಎನ್ನಿಸಿತು; ಅವರು ಮಾರನೆಯ ದಿನವೇ ಗುಂಟೂರಿನಲ್ಲಿ ನೋಡಿದರು. ಅದೇ ಉಪಾಯವನ್ನು ಸ್ವತಂತ್ರವಾಗಿ ಕಂಡುಕೊಂಡ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಅಕ್ಟೋಬರ್ 20ರಂದು ಚಾಚುಗಳ ಗೆರೆಗಳನ್ನು ನೋಡಿದರು. (ಲಾಕಿಯರ್ ಅದೇ ವರ್ಷ ಕೊಂಕಣದ ವಿಜಯದುರ್ಗ ಕೋಟೆಯಲ್ಲಿ ನಿಂತು ಗ್ರಹಣ ನೋಡಿದರೆಂಬ ಕಥೆಯನ್ನು ನೀವು ಕೇಳಿರಬಹುದು. ಅವರು ಅಲ್ಲಿಗೆ ಬಂದದ್ದು 1898ರ ಗ್ರಹಣಕ್ಕೆ.) ಗ್ರಹಣದ ಅವಸರವಿಲ್ಲದ್ದರಿಂದ ಈಗ ನಿಧಾನವಾಗಿ ಅಳೆಯಲು ಸಾಧ್ಯವಾಯಿತು. ಹಳದಿ ಗೆರೆ ಇದ್ದದ್ದು 587.6ರ ಬಳಿ. ಸೋಡಿಯಂ ಜೋಡಿಗೂ ಅದಕ್ಕೂ ಒಂದೂವರೆ ನ್ಯಾನೋಮೀಟರಿನಷ್ಟು ಅಂತರ. ಕಣ್ಣಿಗೆ ಎರಡೂ ಒಂದೇ ಹಳದಿ, ಆದರೆ ಅಳತೆಗೆ ಎರಡೂ ಬೇರೆ.

ಇಲ್ಲಿಂದ ಊಹೆಯ ಕೆಲಸ ಶುರುವಾಗುತ್ತದೆ, ಆದ್ದರಿಂದ ನಿಧಾನವಾಗಿ ಹೋಗೋಣ. ಯಾವ ಧಾತುವಿಗೂ ಹೊಂದದ ಗೆರೆ ಸೂರ್ಯನಲ್ಲಿದೆ. ಇದಕ್ಕೆ ಎರಡು ವಿವರಣೆ ಸಾಧ್ಯ. ಒಂದು, ಅದು ಭೂಮಿಯಲ್ಲಿ ಇನ್ನೂ ಸಿಗದ ಹೊಸ ಧಾತು. ಇನ್ನೊಂದು, ಅದು ನಮಗೆ ಗೊತ್ತಿರುವ ಧಾತುವೇ. ಸೂರ್ಯನ ವಿಪರೀತ ಸ್ಥಿತಿಯಲ್ಲಿ ಬೇರೆ ಗೆರೆ ಕೊಡುತ್ತಿದೆ. ತರಗತಿಗೆ ಅಪರಿಚಿತ ಮುಖವೊಂದು ಬಂದರೆ ಅದು ಹೊಸ ಹುಡುಗನದೂ ಇರಬಹುದು, ನಮ್ಮದೇ ಹುಡುಗ ನಾಟಕದ ವೇಷದಲ್ಲೂ ಇರಬಹುದು. ಹಾಜರಿ ಪುಸ್ತಕ ನೋಡಿದ ಮಾತ್ರಕ್ಕೆ ಇದು ಬಗೆಹರಿಯುವುದಿಲ್ಲ.

ಲಾಕಿಯರ್ ಎರಡನೆಯ ವಿವರಣೆಯನ್ನು ಬದಿಗಿಡಲಿಲ್ಲ. ರಸಾಯನಶಾಸ್ತ್ರಜ್ಞ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಅವರೊಂದಿಗೆ ಸೇರಿ, ಪ್ರಯೋಗಾಲಯದಲ್ಲಿ ಹೈಡ್ರೋಜನ್ ಅನಿಲವನ್ನು ಬೇರೆಬೇರೆ ಸ್ಥಿತಿಗಳಲ್ಲಿಟ್ಟು ಆ ಗೆರೆ ಬರುತ್ತದೆಯೇ ಎಂದು ಹುಡುಕಿದರು. ಬರಲಿಲ್ಲ. ಆಗ ಲಾಕಿಯರ್ ಹೊಸ ಧಾತು ಎಂಬ ವಿವರಣೆಯ ಕಡೆ ವಾಲಿದರು. ಅದಕ್ಕೆ ಹೀಲಿಯಂ ಎಂಬ ಹೆಸರು 1871ರ ಹೊತ್ತಿಗೆ ಚಾಲ್ತಿಗೆ ಬಂತು. ಜೊತೆಗಿದ್ದ ಫ್ರಾಂಕ್‌ಲ್ಯಾಂಡ್ ಅವರಿಗೇ ಇದು ಒಪ್ಪಿಗೆಯಾಗಲಿಲ್ಲ. ಬಹಳಷ್ಟು ರಸಾಯನಶಾಸ್ತ್ರಜ್ಞರೂ ಒಪ್ಪಲಿಲ್ಲ, ಮತ್ತು ಅವರ ಅನುಮಾನ ನ್ಯಾಯವಾದದ್ದೇ ಆಗಿತ್ತು. ಸೀಸಿಯಂ, ರುಬಿಡಿಯಂ ವಿಷಯದಲ್ಲಿ ಗೆರೆಯ ಹಿಂದೆಯೇ ವಸ್ತು ಬಂದಿತ್ತು. ಇಲ್ಲಿ ಗೆರೆ ಮಾತ್ರ ಇತ್ತು. ಹೀಲಿಯಂ ಎಂಬುದು 1895ರವರೆಗೆ ಒಂದು ಹೆಸರಾಗಿಯೇ ಉಳಿಯಿತು.

ಹಾಗಾದರೆ ಆ ಹೆಸರಿನಿಂದ ಏನು ಪ್ರಯೋಜನವಾಯಿತು? 1890ರ ಸುಮಾರಿಗೆ ಅಮೆರಿಕದ ವಿಲಿಯಂ ಹಿಲಬ್ರ್ಯಾಂಡ್ ಯುರೇನಿಯಂ ಇರುವ ಖನಿಜವನ್ನು ಆಮ್ಲದಲ್ಲಿ ಕಾಯಿಸಿದಾಗ ಒಂದು ಅನಿಲ ಹೊರಬಂದಿತ್ತು. ಅವರು ಪರೀಕ್ಷಿಸಿ ಅದು ಸಾರಜನಕ ಎಂದು ತೀರ್ಮಾನಿಸಿದರು. 1895ರ ಮಾರ್ಚ್‌ನಲ್ಲಿ ಲಂಡನ್ನಿನ ವಿಲಿಯಂ ರಾಮ್ಸೆ ಅದೇ ಜಾತಿಯ ಕ್ಲೀವೈಟ್ ಎಂಬ ಖನಿಜದಿಂದ ಅನಿಲವನ್ನು ತೆಗೆದರು. ಅವರು ಹುಡುಕುತ್ತಿದ್ದದ್ದು ಆರ್ಗಾನ್ ಅನಿಲವನ್ನು. ರೋಹಿತದಲ್ಲಿ ಹೊಳಪಾದ ಹಳದಿ ಗೆರೆ ಕಂಡಿತು. ಅದು ಸೋಡಿಯಂ ಗೆರೆಗೆ ಕೂಡಲಿಲ್ಲ. ಸೂರ್ಯನಲ್ಲಿ ಒಂದು ಗೆರೆ ಒಡೆಯನಿಲ್ಲದೆ ಕಾದು ಕುಳಿತಿದೆ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ರಾಮ್ಸೆ ಅನಿಲವನ್ನು ವಿಲಿಯಂ ಕ್ರೂಕ್ಸ್ ಅವರಿಗೆ ಕಳಿಸಿದರು, ಅವರು ಅಳೆದು ಸೂರ್ಯನ ಗೆರೆಯೇ ಎಂದು ಹೇಳಿದರು. ಊಹೆಯ ಬೆಲೆ ಇಲ್ಲಿ ಕಾಣುತ್ತದೆ. ಎದುರಿಗೆ ಬಂದದ್ದನ್ನು ಯಾವುದರ ಜೊತೆ ಹೋಲಿಸಿ ನೋಡಬೇಕು ಎಂಬುದನ್ನು ಅದು ಮುಂಚೆಯೇ ಹೇಳಿಟ್ಟಿತ್ತು.

ಕತೆ ಅಲ್ಲಿಗೂ ಮುಗಿಯಲಿಲ್ಲ, ಮತ್ತು ಮುಂದಿನ ಭಾಗ ನನಗೆ ಬಹಳ ಪ್ರಿಯವಾದದ್ದು. ಜರ್ಮನಿಯ ರುಂಗೆ ಮತ್ತು ಪಾಶೆನ್ ಆ ಅನಿಲದ ಹಳದಿ ಗೆರೆಯನ್ನು ಇನ್ನೂ ಸೂಕ್ಷ್ಮವಾಗಿ ನೋಡಿದರು. ಅದು ಒಂಟಿ ಗೆರೆಯಲ್ಲ. ಪಕ್ಕದಲ್ಲೇ ಮಸುಕಾದ ಇನ್ನೊಂದು ಗೆರೆ ಇದೆ ಎಂದು ಕಂಡಿತು. ಸೂರ್ಯನ ಗೆರೆಯನ್ನು ಅಲ್ಲಿಯವರೆಗೆ ಎಲ್ಲರೂ ಒಂಟಿ ಎಂದೇ ತಿಳಿದಿದ್ದರು. ಹಾಗಾದರೆ ಎರಡೂ ಒಂದೇ ಆಗುವುದು ಹೇಗೆ? ಖಗೋಳಜ್ಞರು ಮತ್ತೆ ಸೂರ್ಯನ ಕಡೆ ತಿರುಗಿ ನೋಡಿದರು. ಅಲ್ಲೂ ಆ ಮಸುಕು ಜೊತೆಗೆರೆ ಇತ್ತು! ಇಪ್ಪತ್ತೇಳು ವರ್ಷ ಯಾರ ಕಣ್ಣಿಗೂ ಬೀಳದ ಒಂದು ವಿವರವನ್ನು ಪ್ರಯೋಗಾಲಯ ಮುಂದಾಗಿ ಹೇಳಿತು, ಸೂರ್ಯ ಅದಕ್ಕೆ ಹೌದೆಂದ. ಒಂದು ಊಹೆಯನ್ನು ಒರೆಗೆ ಹಚ್ಚುವುದು ಎಂದರೆ ಹೀಗೆ. ಅದು ತಪ್ಪಾಗಿದ್ದರೆ ತಪ್ಪೆಂದು ಗೊತ್ತಾಗಿಬಿಡುವಂಥ ಒಂದು ಜಾಗವನ್ನು ಹುಡುಕಿ, ಅಲ್ಲಿಯೇ ನೋಡಬೇಕು.

ಇಷ್ಟೇ ಆಗಿದ್ದರೆ ನೀವು ಒಂದು ತಪ್ಪು ಪಾಠ ಕಲಿಯುತ್ತಿದ್ದಿರಿ. ಅದಕ್ಕೇ ಎರಡನೆಯ ಗೆರೆಯನ್ನೂ ಹೇಳಬೇಕು.

ಜಮಖಂಡಿಯ ಗ್ರಹಣದ ಮರುವರ್ಷ, 1869ರ ಆಗಸ್ಟ್ 7ರಂದು, ಅಮೆರಿಕದಲ್ಲಿ ಇನ್ನೊಂದು ಖಗ್ರಾಸ ಗ್ರಹಣವಾಯಿತು. ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್‌ನೆಸ್, ಪರಸ್ಪರ ತಿಳಿಯದೆ, ಸೂರ್ಯನ ಕರೋನಾದಲ್ಲಿ ಒಂದು ಹಸಿರು ಗೆರೆಯನ್ನು ಕಂಡರು. ಕರೋನಾ ಎಂದರೆ ಗ್ರಹಣದ ಹೊತ್ತಿನಲ್ಲಿ ಸೂರ್ಯನ ಸುತ್ತ ಕಾಣುವ ಮುತ್ತಿನ ಬಣ್ಣದ ಪ್ರಭೆ. ಸೂರ್ಯನ ಹೊರ ವಾತಾವರಣ. ಮೊದಮೊದಲು ಈ ಗೆರೆ ಕಬ್ಬಿಣದ ಒಂದು ಗೆರೆಗೆ ಸರಿಹೊಂದುವಂತೆ ಕಂಡಿತ್ತು. ಆದರೆ ಕಬ್ಬಿಣದ ಬೇರೆ ಗೆರೆಗಳು ಜೊತೆಗಿರಲಿಲ್ಲ. 1898ರಲ್ಲಿ ಭಾರತದಲ್ಲೇ ಕಂಡ ಗ್ರಹಣದ ಹೊತ್ತಿಗೆ ಅಳತೆ ಸುಧಾರಿಸಿ, ಗೆರೆ ಇರುವುದು 530.3ರಲ್ಲಿ, ಕಬ್ಬಿಣದ ಆ ಗೆರೆಯ 531.7ರಲ್ಲಿ ಅಲ್ಲ ಎಂದಾಯಿತು. ಕಬ್ಬಿಣವನ್ನು ಪಟ್ಟಿಯಿಂದ ಹೊಡೆದುಹಾಕಿದರು. ಉಳಿದದ್ದು ಏನು? ಹೊಸ ಧಾತು. ಅದನ್ನು ಕರೋನಿಯಂ ಎಂದು ಕರೆಯುತ್ತಿದ್ದರು.

ಆ ಕಾಲದವರ ಜಾಗದಲ್ಲಿ ನಿಂತು ಯೋಚಿಸಿ. ಹೀಲಿಯಂ ಸಿಕ್ಕಿ ಮೂರು ವರ್ಷವಾಗಿದೆ. ಅದೇ ಸೂರ್ಯ, ಅದೇ ಬಗೆಯ ಸುಳಿವು, ಅದೇ ತರ್ಕ. ಕರೋನಿಯಂ ಕೂಡ ಇಂದೋ ನಾಳೆಯೋ ಸಿಗುತ್ತದೆ ಎಂದು ನಂಬದಿರುವುದು ಕಷ್ಟವಾಗಿತ್ತು. ಅದೇ ವರ್ಷ ಇಟಲಿಯ ಕೆಲವು ವಿಜ್ಞಾನಿಗಳು ಜ್ವಾಲಾಮುಖಿಯ ಅನಿಲದಲ್ಲಿ ಅದರ ಗೆರೆ ಕಂಡಿತೆಂದು ಪ್ರಕಟಿಸಿಯೂ ಬಿಟ್ಟರು. ಹಸಿರು ಗೆರೆ ಸೂರ್ಯನಿಂದ ಬಹಳ ಎತ್ತರದವರೆಗೆ ಕಾಣುತ್ತಿದ್ದುದರಿಂದ ಆ ಧಾತು ಹೈಡ್ರೋಜನ್‌ಗಿಂತ ಹಗುರವಾಗಿರಬೇಕು ಎಂದು ಭಾವಿಸಿದರು. ಧಾತುಗಳನ್ನು ಕ್ರಮವಾಗಿ ಜೋಡಿಸಿದ ಆವರ್ತ ಕೋಷ್ಟಕದ ಕರ್ತೃ ಮೆಂಡಲೀವ್ ಅವರೇ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹೈಡ್ರೋಜನ್ನಿನ ಅರ್ಧದಷ್ಟೂ ತೂಕವಿಲ್ಲದ ಧಾತುವಾಗಿ ಕರೋನಿಯಂಗೆ ಜಾಗ ಕೊಡಲು ನೋಡಿದರು. ಕೋಷ್ಟಕದ ಖಾಲಿ ಮನೆಗಳನ್ನು ನೋಡಿ ಗ್ಯಾಲಿಯಂ, ಸ್ಕ್ಯಾಂಡಿಯಂ, ಜರ್ಮೇನಿಯಂಗಳನ್ನು ಅವು ಸಿಗುವ ಮೊದಲೇ ಹೇಳಿದ್ದವರು ಅವರು. ಹಿಂದಿನ ಊಹೆಗಳು ಸರಿಯಾದವು ಎಂಬುದು ಮುಂದಿನ ಊಹೆಗೆ ಜಾಮೀನಾಗುವುದಿಲ್ಲ.

ಬಾಗಿಲು ಮುಚ್ಚಿದ್ದು ಬೇರೆ ಕಡೆಯಿಂದ. 1913ರಲ್ಲಿ ಹೆನ್ರಿ ಮೋಸ್ಲಿ ಕ್ಷಕಿರಣಗಳ ಸಹಾಯದಿಂದ ಪ್ರತಿ ಧಾತುವಿಗೂ ಒಂದು ಪೂರ್ಣಾಂಕವಿದೆ ಎಂದು ತೋರಿಸಿದರು. ಅದನ್ನು ಪರಮಾಣು ಸಂಖ್ಯೆ ಎನ್ನುತ್ತೇವೆ. ಹೈಡ್ರೋಜನ್ನಿನದು 1. ಒಂದಕ್ಕಿಂತ ಮುಂಚೆ ಇನ್ನೊಂದು ಧಾತುವಿಗೆ ಜಾಗವೇ ಇಲ್ಲ. ಕರೋನಿಯಂ ಎಲ್ಲಿಯೂ ಸಲ್ಲದ್ದಾಯಿತು. ಆದರೆ ಹಸಿರು ಗೆರೆ ಮಾತ್ರ ಪ್ರತಿ ಗ್ರಹಣದಲ್ಲೂ ತನ್ನ ಜಾಗದಲ್ಲೇ ಹೊಳೆಯುತ್ತಿತ್ತು.

ಇದನ್ನು ಬಿಡಿಸಲು ಒಂದು ಹೊಸ ವಿಚಾರ ಬೇಕಿತ್ತು. ಪರಮಾಣುವಿನೊಳಗೆ ಎಲೆಕ್ಟ್ರಾನ್ ಎಂಬ ಚಿಕ್ಕ ಕಣಗಳಿವೆ. ಪರಮಾಣು ಬೆಳಕು ಬೀರುವುದು ಈ ಎಲೆಕ್ಟ್ರಾನ್‌ಗಳ ಚಲನೆಯಿಂದ. ಬಿಸಿ ವಿಪರೀತವಾದಾಗ ಎಲೆಕ್ಟ್ರಾನ್‌ಗಳು ಕಳಚಿಹೋಗುತ್ತವೆ. ಇದನ್ನು ಅಯಾನೀಕರಣ ಎನ್ನುತ್ತಾರೆ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನ ಗೆರೆಗಳು ಪೂರ್ತಿ ಬದಲಾಗುತ್ತವೆ. ಎಷ್ಟು ಶಾಖದಲ್ಲಿ, ಎಷ್ಟು ಒತ್ತಡದಲ್ಲಿ ಎಷ್ಟು ಪರಮಾಣುಗಳು ಹೀಗಾಗುತ್ತವೆ ಎಂಬ ಲೆಕ್ಕವನ್ನು 1920ರಲ್ಲಿ ನಮ್ಮ ಮೇಘನಾದ ಸಾಹಾ ಕೊಟ್ಟರು. 1927ರಲ್ಲಿ ಅಮೆರಿಕದ ಐರಾ ಬೋವೆನ್, ಆಕಾಶದ ನೀಹಾರಿಕೆಗಳಲ್ಲಿ, ಅಂದರೆ ಅನಿಲದ ಮೋಡಗಳಲ್ಲಿ, ಕಂಡಿದ್ದ ಇಂಥದೇ ಒಡೆಯನಿಲ್ಲದ ಹಸಿರು ಗೆರೆಗಳು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದವು ಎಂದು ತೋರಿಸಿದರು. ಆ ದಾರಿಯಲ್ಲಿ ಮುಂದುವರಿದ ಜರ್ಮನಿಯ ಗ್ರೊಟ್ರಿಯಾನ್ 1939ರಲ್ಲಿ ಕರೋನಾದ ಒಂದು ಕೆಂಪು ಗೆರೆಯನ್ನು, 1940ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ಹಸಿರು ಗೆರೆಯನ್ನು ಗುರುತಿಸಿದರು. 530.3ರ ಆ ಗೆರೆ ಕಬ್ಬಿಣದ್ದು. ತನ್ನ 26 ಎಲೆಕ್ಟ್ರಾನ್‌ಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಳದಿ ಗೆರೆಗೂ ಹಸಿರು ಗೆರೆಗೂ ಇದ್ದ ಎರಡು ವಿವರಣೆಗಳು ಒಂದೇ: ಹೊಸ ಧಾತು, ಇಲ್ಲವೆ ವೇಷ ಬದಲಿಸಿದ ಹಳೆಯ ಧಾತು. ಮೊದಲ ಸಲ ಹೊಸ ಧಾತು ಗೆದ್ದಿತು, ಎರಡನೆಯ ಸಲ ಹಳೆಯದು. ಊಹೆಯನ್ನು ಎಷ್ಟೇ ತಿರುಗಿಸಿ ನೋಡಿದರೂ ಯಾವುದು ಗೆಲ್ಲುತ್ತದೆಂದು ಮುಂಚೆ ಹೇಳಲು ಆಗುತ್ತಿರಲಿಲ್ಲ. ಎರಡರಲ್ಲೂ ವಿಜ್ಞಾನಿಗಳು ಅನುಸರಿಸಿದ್ದು ಕಳೆಯುತ್ತಾ ಹೋಗುವ ತರ್ಕ: ಇದಲ್ಲ, ಅದಲ್ಲ, ಆದ್ದರಿಂದ ಉಳಿದದ್ದೇ ಸರಿ. ಈ ತರ್ಕ ಉಪಯುಕ್ತ, ಆದರೆ ಅದಕ್ಕೊಂದು ಷರತ್ತಿದೆ. ನಮ್ಮ ಪಟ್ಟಿಯಲ್ಲಿ ಎಲ್ಲ ಸಾಧ್ಯತೆಗಳೂ ಇರಬೇಕು. ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ 1898ರಲ್ಲಿ ಯಾರ ಪಟ್ಟಿಯಲ್ಲೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಎಲೆಕ್ಟ್ರಾನ್ ಪತ್ತೆಯಾಗಿ ಆಗ ಒಂದು ವರ್ಷವಾಗಿತ್ತಷ್ಟೆ. ಪಟ್ಟಿಯಲ್ಲಿ ಏನಿಲ್ಲ ಎಂಬುದು ಪಟ್ಟಿ ಬರೆದವರಿಗೆ ಕಾಣುವುದಿಲ್ಲ. ಊಹೆಯ ನಿಜವಾದ ಮಿತಿ ಇದು. ಧೈರ್ಯ ಕಡಿಮೆಯಾಗಿಯೋ ಬುದ್ಧಿ ಸಾಲದೆಯೋ ಬರುವ ಮಿತಿ ಇದಲ್ಲ.

ಆದ್ದರಿಂದಲೇ ಬೇರೇನೂ ಉಳಿದಿಲ್ಲ ಎಂಬ ಕಾರಣಕ್ಕೆ ಒಪ್ಪಿದ ಊಹೆಯನ್ನು ವಿಜ್ಞಾನಿಗಳು ಸಾಲದ ಲೆಕ್ಕದಲ್ಲೇ ಇಡಬೇಕಾಗುತ್ತದೆ. ರಾಮ್ಸೆಯವರ ಗಾಜಿನ ಕೊಳವೆಯಲ್ಲಿ ಅನಿಲ ಬಂದು ಕೂತಾಗ ಹೀಲಿಯಂನ ಸಾಲ ತೀರಿತು. ಕರೋನಿಯಂನದು ತೀರಲಿಲ್ಲ. ನೀವು ಪತ್ರಿಕೆಯಲ್ಲಿ ಯಾವುದಾದರೂ ಹೊಸ ಸಂಶೋಧನೆಯ ಸುದ್ದಿ ಓದುವಾಗ ಇದನ್ನು ಕೇಳಿಕೊಳ್ಳಿ: ಇದನ್ನು ನೇರವಾಗಿ ತೋರಿಸುವ ಸಾಕ್ಷಿ ಇದೆಯೇ, ಅಥವಾ ಬೇರೆ ವಿವರಣೆ ಹೊಳೆಯದ್ದರಿಂದ ಹೀಗೆ ಹೇಳುತ್ತಿದ್ದಾರೆಯೇ? ಎರಡನೆಯದಾದರೆ ಸುದ್ದಿ ಸುಳ್ಳೆಂದಲ್ಲ, ಅದಿನ್ನೂ ಕೆಲಸದ ಹಂತದಲ್ಲಿದೆ ಎಂದರ್ಥ.

ಕರೋನಿಯಂ ದಾರಿ ತಪ್ಪಿಸಿತು, ಅದನ್ನು ಊಹಿಸಲೇಬಾರದಿತ್ತು ಎಂದು ನಿಮಗೆ ಅನ್ನಿಸುತ್ತಿರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಸ ಧಾತು ಎಂಬ ಆಸೆಯಿಂದಲೇ ಎಷ್ಟೋ ಜನ ಗ್ರಹಣದಿಂದ ಗ್ರಹಣಕ್ಕೆ ಹಡಗು ಹತ್ತಿ ಹೋಗಿ ಆ ಗೆರೆಯನ್ನು ಮತ್ತೆ ಮತ್ತೆ ಅಳೆದರು. ಹೆಸರು ಬಿದ್ದುಹೋಯಿತು, ಅಳತೆ ಉಳಿಯಿತು. ಎಡ್ಲೆನ್ ತಮ್ಮ ಲೆಕ್ಕವನ್ನು ತಾಳೆ ನೋಡಿದ್ದು ಆ ಅಳತೆಗಳ ಜೊತೆಗೇ. ಕಂಡದ್ದನ್ನು ಒಂದು ಕಡೆ, ಅದರಿಂದ ಊಹಿಸಿದ್ದನ್ನು ಇನ್ನೊಂದು ಕಡೆ ಬೇರೆಬೇರೆ ಬರೆದಿಡುವ ಶಿಸ್ತು ಇದ್ದುದರಿಂದ ಇದು ಸಾಧ್ಯವಾಯಿತು. ನೀವು ಮುಂದೆ ಯಾವುದೇ ಪ್ರಯೋಗದ ಪುಸ್ತಕ ಬರೆದರೂ ಈ ಎರಡನ್ನು ಬೆರೆಸಬೇಡಿ.

ಉತ್ತರ ಸಿಕ್ಕಿದ ಮೇಲೆ ಹಸಿರು ಗೆರೆ ಇನ್ನೂ ದೊಡ್ಡ ಪ್ರಶ್ನೆಯೊಂದನ್ನು ಎತ್ತಿತು. ಕಬ್ಬಿಣದಿಂದ 13 ಎಲೆಕ್ಟ್ರಾನ್ ಕೀಳಬೇಕಾದರೆ ಹತ್ತಿಪ್ಪತ್ತು ಲಕ್ಷ ಡಿಗ್ರಿ ಶಾಖ ಬೇಕು. ಸೂರ್ಯನ ಮೇಲ್ಮೈ ಇರುವುದು ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಮೇಲ್ಮೈಯಿಂದ ದೂರ ಹೋದಂತೆ ಕಡಿಮೆಯಾಗಬೇಕಾದ ಶಾಖ ಕರೋನಾದಲ್ಲಿ ನೂರಾರು ಪಟ್ಟು ಹೆಚ್ಚಿದೆ. ಏಕೆ? ಇದಕ್ಕೆ ಇಂದು ಮುಖ್ಯವಾಗಿ ಎರಡು ಊಹೆಗಳಿವೆ. ಸೂರ್ಯನ ಕಾಂತಕ್ಷೇತ್ರದ ಉದ್ದಕ್ಕೂ ಸಾಗುವ ಅಲೆಗಳು ಶಕ್ತಿಯನ್ನು ಮೇಲಕ್ಕೆ ಒಯ್ಯುತ್ತವೆ ಎಂಬುದು ಒಂದು. ಇಂಥ ಅಲೆಗಳ ವಿಚಾರವನ್ನು ಹಾನ್ನೆಸ್ ಆಲ್ಫ್ವೆನ್ 1942ರಲ್ಲಿ ಮುಂದಿಟ್ಟರು. ಕಾಂತರೇಖೆಗಳು ಹೆಣೆದುಕೊಂಡು ಕಡಿದಾಗ ಆಗುವ ಲೆಕ್ಕವಿಲ್ಲದಷ್ಟು ಪುಟ್ಟ ಸ್ಫೋಟಗಳು ಕಾಯಿಸುತ್ತವೆ ಎಂಬುದು ಇನ್ನೊಂದು. ಇದನ್ನು ಯೂಜೀನ್ ಪಾರ್ಕರ್ 1988ರಲ್ಲಿ ವಿವರಿಸಿದರು. ಎರಡೂ ಸ್ವಲ್ಪ ಸ್ವಲ್ಪ ಸರಿಯಿರಬಹುದು. ಪಟ್ಟಿಯಲ್ಲಿ ಇನ್ನೂ ಬರೆಯದ ಮೂರನೆಯದೂ ಇರಬಹುದು.

2023ರ ಸೆಪ್ಟೆಂಬರ್ 2ರಂದು ಹಾರಿದ ನಮ್ಮ ಆದಿತ್ಯ-ಎಲ್1 ನೌಕೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ಒಂದು ಉಪಕರಣವಿದೆ. ಸೂರ್ಯಬಿಂಬವನ್ನು ತಾನೇ ಮರೆಮಾಡಿ ಕರೋನಾವನ್ನು ನೋಡುವ ಆ ಉಪಕರಣ ಗಮನಿಸುವ ಗೆರೆಗಳಲ್ಲಿ 530.3 ನ್ಯಾನೋಮೀಟರಿನ ಹಸಿರು ಗೆರೆಯೂ ಒಂದು. ಅನಿಲ ಅಲುಗಿದಾಗ ಗೆರೆ ತನ್ನ ಜಾಗದಿಂದ ತುಸು ಸರಿಯುತ್ತದೆ, ಅನಿಲ ಕಲಕಿದಾಗ ಅಗಲವಾಗುತ್ತದೆ. ಕಾಯಿಸುವುದು ಅಲೆಗಳಾದರೆ ಈ ಸರಿಯುವಿಕೆಯಲ್ಲಿ ಒಂದು ಲಯ ಕಾಣಬೇಕು, ಎತ್ತರಕ್ಕೆ ಹೋದಂತೆ ಗೆರೆಯ ಅಗಲ ಒಂದು ಕ್ರಮದಲ್ಲಿ ಬದಲಾಗಬೇಕು. ಪುಟ್ಟ ಸ್ಫೋಟಗಳಾದರೆ ಲಯವಿಲ್ಲದೆ ಅಲ್ಲಲ್ಲಿ ಮಿನುಗಿ ಆರುವ, ಸುತ್ತಲಿಗಿಂತ ಬಹಳ ಹೆಚ್ಚು ಕಾದ ಅನಿಲದ ಕುರುಹುಗಳು ಸಿಗಬೇಕು. ವಿಜ್ಞಾನಿಗಳು ಈಗ ಆ ಗೆರೆಯ ಅಗಲವನ್ನು ಅಳೆಯುತ್ತಿದ್ದಾರೆ.